ದುಭಾಷಿಯ ದಿನಗೂಲಿ

ಏಳುನೂರು ರೂಪಾಯಿ, ಎರಡು ಹೊತ್ತು ಚಹಾ.
ಕೆಲಸ: ಆಕೆ ಮಲಯಾಳದಲ್ಲಿ ಹೇಳಿದ್ದನ್ನು
ಕನ್ನಡ ಮಾಡುವುದು, ತುಳು ಮಾಡುವುದು, ಬ್ಯಾರಿ ಮಾಡುವುದು;
ಇವರು ಸಿಟ್ಟಿನಲ್ಲಿ ಹೇಳಿದ್ದನ್ನು
ಸಿಟ್ಟು ಸೋಸಿ ಆಕೆಗೆ ಮುಟ್ಟಿಸುವುದು.
ಶನಿವಾರ. ಮಕ್ಕಳಿಲ್ಲದ ಏಳನೇ ತರಗತಿ.
ನಾನು ಲೆಕ್ಕ ಕಲಿಸುವ ಕರಿಹಲಗೆಗೆ
ಬಿಳಿ ಮುಂಡು ಇಳಿಬಿಟ್ಟು
ಅದರ ಮೇಲೆ ಹರಿಸಿದರು ಶಿರಿಯ ಹೊಳೆ.

ಮೊದಲ ಪದಕ್ಕೇ ಎಡವಿದೆ.
ಸ್ಟೇಕ್‌ಹೋಲ್ಡರ್ಸ್, ಅಂದಳು ಷಿಜಿನ,
ಕಲ್ಲಿಕೋಟೆಯವಳು, ಕೊರಳಲ್ಲಿ ಗುರುತುಚೀಟಿ.
ಪಾಲುದಾರರು ಅಂದರೆ ಕೋರ್ಟಿನ ವಾಸನೆ.
ಹಕ್ಕುದಾರರು ಅಂದರೆ ಪಟ್ಟಾ ಕೇಳುತ್ತಾರೆ.
ಸಂಬಂಧಪಟ್ಟವರು, ಅಂದೆ ಕೊನೆಗೆ.
"ಯಾವ ಕಡೆಯ ಸಂಬಂಧ?" ಎಂದರು ದೂಮಪ್ಪ ಕಾಂಚನ್,
ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ.

ಹೊಳೆಯನ್ನು ಯಾರೂ ಹೀಗೆ ನೋಡಿರಲಿಲ್ಲ,
ಹದ್ದಿನ ಕಣ್ಣಿಂದ, ಒಂದೇ ಗುಟುಕಿಗೆ.
ಎಲ್ಲರೂ ಮೊದಲು ಹುಡುಕಿದ್ದು ಸ್ವಂತ ಮನೆಯ ಮಾಡು.
ಸಿಕ್ಕಿದ್ದು ಬರಿಯ ತೆಂಗಿನ ತಲೆಗಳು,
ಮಸೀದಿಯ ಹಸಿರು ಚುಕ್ಕೆ,
ಯಾರದೋ ದೋಣಿಗೆ ಹೊದೆಸಿದ ನೀಲಿ ಟಾರ್ಪಾಲು.

ಷಿಜಿನ ಅಳಿವೆಯ ಬಾಯಿಗೆ ಕಲ್ಲಿನ ಗೋಡೆ ಇಟ್ಟಳು.
ಮುನ್ನೂರು ಮೀಟರು, ಒಂದು ಬೆರಳಿನ ಕೆಲಸ.
ಒತ್ತಿದಳು. ನೀರು ಓಡಿತು, ಮೂಲೆಯಲ್ಲಿ ಇಸವಿಗಳು ಓಡಿದವು.
ಎಂಟು ಸೆಕೆಂಡಿನಲ್ಲಿ ಹತ್ತು ವರ್ಷ ತೀರಿತು.
ತೆಂಕುದಡ ಅರಸಿನ ಬಣ್ಣದಲ್ಲಿ ಉಬ್ಬಿತು,
ಬಡಗುದಡ ಇಲಿ ಕಚ್ಚಿದ ರೊಟ್ಟಿ.
ತೆಂಕಿನವರು ಚಪ್ಪಾಳೆ ತಟ್ಟಿದರು.
ಬಡಗಿನವರು ಏನೂ ಹೇಳಲಿಲ್ಲ.
"ಏನು ಹೇಳಿದರು?" ಷಿಜಿನ ನನ್ನತ್ತ ತಿರುಗಿದಳು.
ಅನುವಾದಿಸಲು ನನ್ನ ಬಳಿ
ಬೆಂಚು ಹಿಂದೆ ಸರಿದ ಸದ್ದು ಮಾತ್ರ ಇತ್ತು.

ಆಮೇಲೆ ಮೌಸು ಕೈಯಿಂದ ಕೈಗೆ ಹೋಯಿತು.
ಗೋಡೆ ಕುಳ್ಳಾಯಿತು, ಓರೆಯಾಯಿತು, ಎರಡಾಯಿತು,
ಒಮ್ಮೆ ಯಾರದೋ ಕೈ ನಡುಗಿ
ಇದೇ ಶಾಲೆಯ ಬಾವಿಯ ಮೇಲೆ ಕೂತಿತು. ನಕ್ಕರು.
ಪ್ರತಿ ಸಲವೂ ಎಂಟು ಸೆಕೆಂಡು,
ಪ್ರತಿ ಸಲವೂ ಯಾರದೋ ಅಂಗಳ.

ಅವ್ವಮ್ಮ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ,
ನಲವತ್ತು ವರ್ಷ ಹೊಳೆಯ ತಳ ಕೆದಕಿ
ಮರುವಾಯಿ ಹೆಕ್ಕಿದವಳು.
ಈ ನೀರಿಗೆ ತಳ ಉಂಟಾ, ಕೇಳಿದಳು.
ಉಂಟು. ಷಿಜಿನ ಬಣ್ಣ ಬದಲಿಸಿ ತೋರಿಸಿದಳು,
ಸೇತುವೆಯ ಪಡುವಲಿಗೆ ಒಂದೂವರೆ ಮೀಟರು.
"ಸುಳ್ಳು."
ಅದನ್ನು ನಾನು ಸೋಸದೆ ಕೊಟ್ಟೆ.
ಅಲ್ಲಿ ಇಳಿತಕ್ಕೆ ನನಗೆ ಮೊಣಕಾಲು, ಉಬ್ಬರಕ್ಕೆ ಸೊಂಟ.
ಆಟಿಯಲ್ಲಿ ಮಾತ್ರ ಕೊರಳು,
ಆಟಿಯಲ್ಲಿ ನಾನು ಇಳಿಯುವುದಿಲ್ಲ.

ಸೊಂಟ ಅಂದರೆ ಎಷ್ಟು, ಎಂದಳು ಷಿಜಿನ.
ನನ್ನ ನಾಲ್ಕು ಭಾಷೆಯಲ್ಲೂ ಉತ್ತರ ಇರಲಿಲ್ಲ.
ಕಪಾಟಿನಿಂದ ಮೀಟರುಕೋಲು ತಂದೆ.
ಅವ್ವಮ್ಮ ಎದ್ದು, ಚಪ್ಪಲಿ ಕಳಚಿ,
ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು ನಿಂತಳು,
ಒಂದನೇ ತರಗತಿಗೆ ಸೇರಲು ಬಂದವಳ ಹಾಗೆ.
ಮೊಣಕಾಲು ನಲವತ್ತೆರಡು.
ಸೊಂಟ ಎಂಬತ್ತೆಂಟು.
ಅಂಕಿಗಳು ಒಳಹೋದವು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು.
ಮುಂಡಿನ ಮೇಲಿನ ಹೊಳೆ ಮಗ್ಗುಲು ಬದಲಿಸಿತು,
ಸೇತುವೆಯ ಪಡುವಲಿಗೆ ಒಂದು ದಿಬ್ಬ ಬೆನ್ನು ತೋರಿಸಿತು.
"ಹಾಂ," ಎಂದಳು ಅವ್ವಮ್ಮ,
ಕುಂಬಳೆ ಪೇಟೆಯಲ್ಲಿ ನೆರೆಮನೆಯವರು ಸಿಕ್ಕಿದಂತೆ.

ಗೋಡೆ ಎಲ್ಲಿ ಎಂದು ತೀರ್ಮಾನ ಆಗಲಿಲ್ಲ.
ಐದು ಗೋಡೆಗಳನ್ನು ಐದು ಹೆಸರಲ್ಲಿ ಉಳಿಸಿಟ್ಟಳು.
ದೀಪ ಆರಿಸುವ ಹೊತ್ತಿಗೆ ಬಡಗಿನ ಒಬ್ಬ ಹುಡುಗ
ಗೋಡೆಯೇ ಇಲ್ಲದೆ ಒಮ್ಮೆ ಓಡಿಸಿ, ಎಂದ.
ಅದನ್ನು ಬೆಳಗಿನಿಂದ ಯಾರೂ ಕೇಳಿರಲಿಲ್ಲ.
ಅಳಿವೆ ಬಡಗಕ್ಕೆ ನಡೆಯಿತು, ನಿಂತಿತು, ತೆಂಕಕ್ಕೆ ಬಂತು,
ಎರಡೂ ದಡದಲ್ಲಿ ಸ್ವಲ್ಪ ಸ್ವಲ್ಪ ಉಂಡಿತು.
ಎಂಟು ಸೆಕೆಂಡು.
ದೂಮಪ್ಪ ಕಾಂಚನ್ ಕನ್ನಡಕ ತೆಗೆದು ಒರೆಸಿಕೊಂಡರು.

ರಶೀದಿಗೆ ರುಜು ಹಾಕಿ ಹಣ ಎಣಿಸಿಕೊಂಡೆ.
ಮೌಸಿಗೆ ಅಂಟಿದ ಮೀನಿನ ಹುರುಪೆಯನ್ನು
ಷಿಜಿನ ಉಗುರಿನಿಂದ ಬಿಡಿಸುತ್ತಿದ್ದಳು.
ದಾರಂದದ ಮೇಲೆ ಎರಡು ಪೆನ್ಸಿಲ್ ಗೆರೆ.
ಸೋಮವಾರ ಮಕ್ಕಳು ಕೇಳಿಯೇ ಕೇಳುತ್ತಾರೆ, ಇದು ಯಾರ ಎತ್ತರ ಟೀಚರ್?
ರಬ್ಬರು ಕೈಯಲ್ಲೇ ಇತ್ತು.